ಪುಟ್ಟ ನಾಯಿ ಕಚ್ಚಿದರೆ ನಾವು ನಗೋದ್ಯಾಕೆ?

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಪತ್ರ ಬರೆದು, ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಯ ನಾಯಿಗಳ ಆಮದು, ಮಾರಾಟ ಮತ್ತು ಸಂತಾನೋತ್ಪತ್ತಿಗೆ ತಡೆ ಹಾಕಿ ಅಂತ ಹೇಳಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ ಸುತ್ತೋಲೆ ಇದು ಎಂದು ಕರ್ನಾಟಕ ಹೈಕೋರ್ಟ್ ಮರು ತಿಂಗಳೇ ಅದನ್ನು ರದ್ದು ಮಾಡಿತು. ಆಗ ನಡೆದ ಚರ್ಚೆ ನೆನಪಿರಬಹುದು: ಯಾವ ತಳಿ ಅಪಾಯಕಾರಿ, ಯಾವುದು ಸಾಧು, ಯಾವುದನ್ನು ಸಾಕಬೇಕು, ಯಾವುದನ್ನು ಸಾಕಬಾರದು. 2025ರ ಆಗಸ್ಟ್‌ನಲ್ಲಿ ದಿಲ್ಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದಾಗ ಇಡೀ ದೇಶ ಇನ್ನೊಂದು ಸುತ್ತು ಜಗಳ ಆಡಿತು.

ಈ ಎರಡೂ ಗಲಾಟೆಗಳಲ್ಲಿ ಒಂದು ನಾಯಿಯ ಸುದ್ದಿ ಬರಲೇ ಇಲ್ಲ. ಅದು ಸೋಫಾ ಮೇಲೆ ಕೂತಿರುವ ಕೆಲವೇ ಕಿಲೋ ತೂಕದ ನಾಯಿ. ಪೊಮೇರಿಯನ್, ಶಿಹ್ ತ್ಸು, ಡ್ಯಾಷ್‌ಹೌಂಡ್, ಲಾಸಾ ಆಪ್ಸೊ, ಪಗ್. ಕಾಲಿಂಗ್ ಬೆಲ್ ಹೊಡೆದರೆ ಹತ್ತು ನಿಮಿಷ ಬೊಗಳುವ, ಬಂದವರ ಹಿಮ್ಮಡಿಗೆ ಬಾಯಿ ಹಾಕುವ, ತಟ್ಟೆ ಹತ್ತಿರ ಹೋದರೆ ಗುರ್ ಅನ್ನುವ ನಾಯಿ. ಇದನ್ನೇ ಒಂದು ರಾಟ್‌ವೀಲರ್ ಮಾಡಿದ್ದರೆ ಅಪಾರ್ಟ್‌ಮೆಂಟ್ ವಾಟ್ಸ್ಯಾಪ್ ಗ್ರೂಪಿನಲ್ಲಿ ತುರ್ತು ಸಭೆ ಕರೆಯುತ್ತಿದ್ದರು. ಪುಟ್ಟದು ಮಾಡಿದರೆ ಮೊಬೈಲ್ ತೆಗೆದು ರೀಲ್ಸ್ ಮಾಡ್ತೀವಿ. "ನೋಡು ಎಷ್ಟು ಪೊಗರು ಇದಕ್ಕೆ!"

ಪೊಮೇರಿಯನ್ನನ್ನೂ ಆ ಪಟ್ಟಿಗೆ ಸೇರಿಸಿ ಅಂತ ನಾನು ಹೇಳ್ತಿಲ್ಲ. ನನ್ನ ವಾದ ಇಷ್ಟೇ: ಪುಟ್ಟ ನಾಯಿಯ ಬೊಗಳಾಟ, ಗುರ್ ಅನ್ನುವುದು, ಕಚ್ಚುವುದು ಪೊಗರೂ ಅಲ್ಲ, ತಳಿಯ ಹಣೆಬರಹವೂ ಅಲ್ಲ. ಅದರಲ್ಲಿ ಬಹುಪಾಲು ನಾವು ಮನೆಯೊಳಗೆ ಅದರ ಜೊತೆ ನಡೆದುಕೊಳ್ಳುವ ರೀತಿಯ ಫಲ. ಹಾಗಾಗಿ ಬದಲಾಯಿಸಲೂಬಹುದು.

ಕಚ್ಚಿಸಿಕೊಳ್ಳುವವರು ಯಾರು?

ಇದೇನು ದೊಡ್ಡ ವಿಷಯ ಅಂತ ಕೇಳಬಹುದು. ಯಾರ ಕಾಲಿಗೆ ಬಾಯಿ ಬೀಳುತ್ತೆ ಅನ್ನೋದನ್ನ ನೋಡಿ. ಬಾಗಿಲು ದಾಟಿ ದಿನಾ ಒಳಗೆ ಬರುವವರು ಮನೆಕೆಲಸದವರು, ಅಡುಗೆಯವರು, ಸಿಲಿಂಡರ್ ತರುವವರು, ಡೆಲಿವರಿ ಹುಡುಗರು. ನಮ್ಮಲ್ಲಿಗೆ ಕೆಲಸಕ್ಕೆ ಬರುವ ಅಕ್ಕ ನಾಲ್ಕು ಮನೆ ಮಾಡುತ್ತಾರೆ, ಅದರಲ್ಲಿ ಎರಡು ಮನೆಯಲ್ಲಿ ನಾಯಿ ಇದೆ. ಒಂದು ಮನೆಯವರು ಇವರು ಬೆಲ್ ಹೊಡೆದ ಮೇಲೆ ನಾಯಿಯನ್ನು ರೂಮಿಗೆ ಬಿಟ್ಟು ಬಾಗಿಲು ತೆಗೆಯುತ್ತಾರೆ. ಇನ್ನೊಂದು ಮನೆಯವರು "ಏನೂ ಮಾಡಲ್ಲ, ಬಾರಮ್ಮ" ಅಂತಾರೆ. "ಅವರಿಗೇನೂ ಮಾಡಲ್ಲ ಸರ್, ನನಗೆ ಮಾಡುತ್ತೆ" ಅಂದರು ಅವರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಕೆಲಸ ಬಿಡಲಾಗದವರು "ನಿಮ್ಮ ನಾಯಿಯನ್ನು ಹಿಡಿದುಕೊಳ್ಳಿ" ಅಂತ ಗಟ್ಟಿಯಾಗಿ ಹೇಳುವುದು ಕಷ್ಟ.

ರೇಬೀಸ್ ವೈರಸ್ ನಾಯಿಯ ಗಾತ್ರ ನೋಡುವುದಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಅದು ಬಹುತೇಕ ಎಲ್ಲ ಸಂದರ್ಭಗಳಲ್ಲೂ ಮಾರಕ. ಹಲ್ಲು ತಾಗಿ ಚರ್ಮ ಗೀಚಿದರೂ ಸಾಕು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಕಚ್ಚಿಸಿಕೊಂಡವರು ನಿಮ್ಮ ಮನೆಕೆಲಸದವರಾದರೆ ಅವರನ್ನು ಕರೆದುಕೊಂಡು ಹೋಗುವುದು, ಖರ್ಚು ಕೊಡುವುದು, ಆ ದಿನದ ಸಂಬಳ ಹಿಡಿಯದಿರುವುದು ನಿಮ್ಮ ಕೆಲಸ. ಅದು ಉಪಕಾರ ಅಲ್ಲ.

ಪುಟ್ಟ ನಾಯಿ ಹೀಗಾಗೋದು ಯಾಕೆ?

ಮೊದಲು ತಳಿಯ ಪಾಲನ್ನು ಒಪ್ಪಿಕೊಂಡುಬಿಡೋಣ. ನಾವು ಇಲ್ಲಿ ‘ಪೊಮೇರಿಯನ್’ ಅಂತ ಕರೆಯುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. 1994ರ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದ ಟಫಿಯೂ ಅದೇ. ಸ್ಪಿಟ್ಜ್ ಜಾತಿಯವು ಸದ್ದು ಕೇಳಿದ ಕೂಡಲೇ ಎಚ್ಚರಿಸುವ ನಾಯಿಗಳು. ಲಾಸಾ ಆಪ್ಸೊ ಟಿಬೆಟ್‌ನ ಮಠಗಳಲ್ಲಿ ಒಳಗಿನ ಕಾವಲಿಗೆ ಇದ್ದ ನಾಯಿ. ಡ್ಯಾಷ್‌ಹೌಂಡ್ ಅನ್ನು ಜರ್ಮನಿಯಲ್ಲಿ ಬಿಲದೊಳಗೆ ನುಗ್ಗಿ ಬೇಟೆ ಹಿಡಿಯಲು ಬೆಳೆಸಿದ್ದು. ನೂರಾರು ವರ್ಷ ಬೊಗಳುವ ಕೆಲಸಕ್ಕೆ ಇಟ್ಟುಕೊಂಡು, ಈಗ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತಂದು "ಯಾಕೆ ಬೊಗಳ್ತೀಯ?" ಅಂತ ಕೇಳುವುದು ಒಂಚೂರು ಅನ್ಯಾಯವೇ.

ಆದರೆ ತಳಿ ಅರ್ಧ ಕತೆ ಮಾತ್ರ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1,276 ನಾಯಿ ಮಾಲೀಕರನ್ನು ಪ್ರಶ್ನಿಸಿ ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ದೊಡ್ಡ ನಾಯಿಗಳಿಗೆ ಹೋಲಿಸಿದರೆ ಪುಟ್ಟ ನಾಯಿಗಳು ಹೆಚ್ಚು ಮಾತು ಕೇಳದವು, ಹೆಚ್ಚು ಕೆರಳುವವು, ಹೆಚ್ಚು ಅಂಜುವವು ಎಂದು ಅದರಲ್ಲಿ ಕಂಡುಬಂತು. ಇಷ್ಟು ನಮಗೂ ಗೊತ್ತಿತ್ತು. ಆದರೆ ಅದೇ ಅಧ್ಯಯನ ಮಾಲೀಕರನ್ನೂ ಅಳೆದಿತ್ತು. ಪುಟ್ಟ ನಾಯಿಯ ಮಾಲೀಕರು ನಿಯಮ ಪಾಲಿಸುವುದರಲ್ಲಿ ಹೆಚ್ಚು ಅಸ್ಥಿರರಾಗಿದ್ದರು, ನಾಯಿಯ ಜೊತೆ ಆಟ ಮತ್ತು ತರಬೇತಿಗೆ ಕಡಿಮೆ ಸಮಯ ಕೊಡುತ್ತಿದ್ದರು. ಶಿಕ್ಷೆ ಹೆಚ್ಚಿದ್ದ ಕಡೆ ಕೆರಳುವಿಕೆಯೂ ಹೆಚ್ಚಿತ್ತು, ಪುಟ್ಟ ನಾಯಿಗಳಲ್ಲಿ ಅದರ ಜೊತೆ ಅಂಜಿಕೆಯೂ ಸೇರಿತ್ತು. ಇಂಥ ಅಧ್ಯಯನದಿಂದ ಯಾವುದು ಕಾರಣ, ಯಾವುದು ಪರಿಣಾಮ ಅಂತ ಖಚಿತವಾಗಿ ಹೇಳಲಾಗದು. ಆದರೂ ಬೆರಳು ಯಾರ ಕಡೆ ತೋರಿಸ್ತಿದೆ ಅನ್ನುವುದು ಸ್ಪಷ್ಟ.

ನಮ್ಮ ಮನೆಗಳಿಗೆ ಇದನ್ನು ಅನ್ವಯಿಸಿ ನೋಡಿ. ಲ್ಯಾಬ್ರಡಾರ್ ಮೈಮೇಲೆ ಹಾರಿದರೆ ಮೊದಲ ವಾರವೇ ಕಲಿಸಲು ಕೂರುತ್ತೇವೆ, ಇಲ್ಲಾಂದ್ರೆ ಅಜ್ಜಿ ಬೀಳ್ತಾರೆ. ಪುಟ್ಟದು ಹಾರಿದರೆ ಎತ್ತಿ ಮುದ್ದು ಮಾಡುತ್ತೇವೆ. ಅಪ್ಪ ಸೋಫಾ ಹತ್ತಿಸುತ್ತಾರೆ, ಅಮ್ಮ ಇಳಿಸುತ್ತಾರೆ. ಊಟದ ಹೊತ್ತಲ್ಲಿ ಸೋಮವಾರ ಚಪಾತಿ ಚೂರು ಸಿಗುತ್ತದೆ, ಮಂಗಳವಾರ ಬೈಗುಳ ಸಿಗುತ್ತದೆ. ಎಂಜಿನಿಯರಿಂಗ್‌ನಲ್ಲಿ ಫೀಡ್‌ಬ್ಯಾಕ್ ಅಂತ ಓದಿದ್ದೆವಲ್ಲ, ಅದೇ ಇದು. ಒಂದೇ ಇನ್‌ಪುಟ್‌ಗೆ ದಿನಕ್ಕೊಂದು ಔಟ್‌ಪುಟ್ ಬಂದರೆ ಯಾವ ವ್ಯವಸ್ಥೆಯೂ ಸ್ಥಿರವಾಗುವುದಿಲ್ಲ.

ಇನ್ನೊಂದು ವಿಷಯ ಇನ್ನೂ ಮುಖ್ಯ. ನಾಯಿಗೆ ಹೆದರಿಕೆಯಾದಾಗ ಸಾಮಾನ್ಯವಾಗಿ ಮೊದಲೇ ಕಚ್ಚುವುದಿಲ್ಲ. ಮೊದಲು ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ, ಮೈ ಸೆಟೆಸುತ್ತದೆ. ಆಮೇಲೆ ಗುರ್ ಅನ್ನುತ್ತದೆ. ದೊಡ್ಡ ನಾಯಿ ಗುರ್ ಅಂದರೆ ನಾವು ಎರಡು ಹೆಜ್ಜೆ ಹಿಂದೆ ಸರಿಯುತ್ತೇವೆ. ಪುಟ್ಟದು ಗುರ್ ಅಂದರೆ ನಕ್ಕು ಎತ್ತಿಕೊಂಡುಬಿಡುತ್ತೇವೆ, ಎತ್ತುವುದು ಸುಲಭ ನೋಡಿ. ಅದರ ಯಾವ ಮಾತಿಗೂ ಬೆಲೆ ಸಿಗದಿದ್ದಾಗ ಉಳಿಯುವುದು ಹಲ್ಲು ಮಾತ್ರ. ಹಲ್ಲು ತೋರಿಸಿದ ದಿನ ನಾವು ಕೈ ಹಿಂದೆ ತೆಗೆಯುತ್ತೇವೆ, ಅಲ್ಲಿಗೆ ಅದಕ್ಕೊಂದು ಪಾಠ ಸಿಕ್ಕಿತು: ಇದೊಂದೇ ಕೆಲಸ ಮಾಡುವ ಭಾಷೆ. "ಬೊಗಳೋ ನಾಯಿ ಕಚ್ಚಲ್ಲ" ಅನ್ನುವ ಗಾದೆ ನಂಬಿ ಎಷ್ಟೋ ಜನ ಕಚ್ಚಿಸಿಕೊಂಡಿದ್ದಾರೆ.

‘ಯಜಮಾನ ಯಾರು ಅಂತ ತೋರಿಸು’ ಎಂಬ ಹಳೇ ಸಿದ್ಧಾಂತ

ನಾಯಿ ತಂದ ಮನೆಗೆ ಉಚಿತ ಸಲಹೆಗಾರರು ಬರುತ್ತಾರೆ. "ನೀನೇ ಆಲ್ಫಾ ಅಂತ ತೋರಿಸಬೇಕು. ಕುತ್ತಿಗೆ ಹಿಡಿದು ನೆಲಕ್ಕೆ ಒತ್ತು. ಊಟ ನೀನು ಮೊದಲು ಮಾಡು, ಬಾಗಿಲು ನೀನು ಮೊದಲು ದಾಟು." ಇದರ ಮೂಲ ಗೊತ್ತಾದರೆ ಆಶ್ಚರ್ಯವಾಗುತ್ತದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಮೇಲುಸ್ಥಾನಕ್ಕಾಗಿ ಕಾದಾಡುತ್ತವೆ ಎಂದು ಬರೆದರು. 1970ರಲ್ಲಿ ಅಮೆರಿಕದ ಡೇವಿಡ್ ಮೆಕ್ ತಮ್ಮ ತೋಳಗಳ ಪುಸ್ತಕದಲ್ಲಿ ಈ ವಿಚಾರವನ್ನು ಜನಪ್ರಿಯಗೊಳಿಸಿದರು. ಆಮೇಲೆ ಅದೇ ಮೆಕ್ ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆ ಕಾಡು ತೋಳಗಳ ಹತ್ತಿರವೇ ಕಳೆದು, 1999ರಲ್ಲಿ ತಾವೇ ತಿದ್ದಿ ಬರೆದರು. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಒಂದು ಸಂಸಾರ. ಮುಂದೆ ನಡೆಯುವವರು ಅಪ್ಪ ಅಮ್ಮ, ಹಿಂದೆ ಬರುವವರು ಮಕ್ಕಳು. ಪಟ್ಟಕ್ಕಾಗಿ ಕಾದಾಟ ಅಲ್ಲಿನ ನಿತ್ಯದ ಕತೆಯೇ ಅಲ್ಲ.

ಅಂದರೆ ಜೈಲಿನಲ್ಲಿದ್ದವರ ನಡವಳಿಕೆ ನೋಡಿ ಊರಿನವರೆಲ್ಲ ಹೀಗೇ ಅಂದಂತಾಯಿತು. ಅದೂ ತೋಳದ ಲೆಕ್ಕವನ್ನು ಸಾವಿರಾರು ವರ್ಷಗಳಿಂದ ಮನುಷ್ಯರ ಜೊತೆ ಬದುಕಿದ ನಾಯಿಗೆ ಹಾಕಿದ್ದು. ವಿಜ್ಞಾನಿ ತಿದ್ದಿಕೊಂಡು 25 ವರ್ಷ ದಾಟಿದರೂ ಯೂಟ್ಯೂಬ್ ತಿದ್ದಿಕೊಂಡಿಲ್ಲ. ‘ಬಲ ತೋರಿಸಿದವನೇ ನಾಯಕ’ ಎನ್ನುವುದು ನಮಗೆ ಬಹಳ ಇಷ್ಟದ ಕತೆ, ನಾಯಿಯ ವಿಷಯದಲ್ಲಿ ಮಾತ್ರ ಅಲ್ಲ.

ಹೊಡೆದರೆ ಏನಾಗುತ್ತೆ? ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಹುಮಾನ ಕೊಟ್ಟು ಕಲಿಸುವ ಶಾಲೆಗಳನ್ನೂ ಬೈದು ಎಳೆದು ಕಲಿಸುವ ಶಾಲೆಗಳನ್ನೂ ಹೋಲಿಸಿತು. ಎರಡನೆಯ ಬಗೆಯ ಶಾಲೆಗಳ ನಾಯಿಗಳಲ್ಲಿ ಒತ್ತಡದ ವರ್ತನೆ ಹೆಚ್ಚಿತ್ತು, ತರಬೇತಿಯ ನಂತರ ಜೊಲ್ಲಿನಲ್ಲಿ ಕಾರ್ಟಿಸಾಲ್ ಹೆಚ್ಚು ಏರಿತ್ತು. ಗುರ್ ಅಂದಿದ್ದಕ್ಕೆ ಹೊಡೆದರೆ ನಾಯಿ ಗುರ್ ಅನ್ನುವುದನ್ನು ನಿಲ್ಲಿಸಬಹುದು, ಆದರೆ ಹೆದರುವುದನ್ನು ನಿಲ್ಲಿಸುವುದಿಲ್ಲ. ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಬೆಂಕಿ ಆರಿಸುವ ಬದಲು ಅಲಾರಂ ವೈರ್ ಕತ್ತರಿಸಿದ ಹಾಗೆ.

ಹಾಗಾದ್ರೆ ಏನು ಮಾಡೋದು?

ಎಲ್ಲಕ್ಕೂ ಮೊದಲು ಪಶುವೈದ್ಯರಿಗೆ ತೋರಿಸಿ, ಅದರಲ್ಲೂ ನಡವಳಿಕೆ ಇದ್ದಕ್ಕಿದ್ದಂತೆ ಬದಲಾಗಿದ್ದರೆ. ಡ್ಯಾಷ್‌ಹೌಂಡ್‌ಗೆ ಬೆನ್ನುಹುರಿಯ ತೊಂದರೆ, ಪುಟ್ಟ ತಳಿಗಳಿಗೆ ಹಲ್ಲು ಮತ್ತು ಮಂಡಿಚಿಪ್ಪಿನ ತೊಂದರೆ ಸಾಮಾನ್ಯ. ನೋವಿರುವ ನಾಯಿಗೆ ಶಿಸ್ತು ಕಲಿಸಲು ಹೋದರೆ ಪ್ರಯೋಜನವಿಲ್ಲ. ಎಳೆಯುವ ನಾಯಿಗೆ ಕುತ್ತಿಗೆ ಬೆಲ್ಟಿನ ಬದಲು ಎದೆಗೆ ಕಟ್ಟುವ ಹಾರ್ನೆಸ್ ಹಾಕಿ. ಪೊಮೇರಿಯನ್‌ನಂಥ ಪುಟ್ಟ ತಳಿಗಳ ಶ್ವಾಸನಾಳ ಸೂಕ್ಷ್ಮ.

ಬಹುಮಾನ ಅಂದರೆ ದುಬಾರಿ ಪ್ಯಾಕೆಟ್ ಬೇಕಿಲ್ಲ. ಕಡಲೆಕಾಳಿಗಿಂತ ಚಿಕ್ಕ ಚೂರು ಬೇಯಿಸಿದ ಚಿಕನ್, ಉಪ್ಪಿಲ್ಲದ ಪನೀರು, ಕ್ಯಾರೆಟ್ ಸಾಕು. ನಾಲ್ಕು ಕಿಲೋ ನಾಯಿ ಬೇಗ ದಪ್ಪ ಆಗುತ್ತದೆ, ಅದಕ್ಕೆ ಈ ಚೂರುಗಳನ್ನು ದಿನದ ಊಟದ ಲೆಕ್ಕದಲ್ಲಿ ಕಳೆಯಿರಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವತ್ತೂ ಬೇಡ, ವಿಷ. ದಿನಕ್ಕೆ ಮೂರು ಸಲ, ಮೂರ್ನಾಲ್ಕು ನಿಮಿಷ ಕಲಿಸಿದರೆ ಸಾಕು.

ಬೆಲ್‌ಗೆ ಬೊಗಳುವುದು: ನಾವು "ಏಯ್ ಸುಮ್ನಿರು!" ಅಂತ ಕೂಗಿದರೆ ನಾಯಿಗೆ ಅದು ಜೊತೆಗೂಡಿ ಬೊಗಳಿದ ಹಾಗೆ. ಬದಲಿಗೆ ಬೆಲ್‌ಗೆ ಹೊಸ ಅರ್ಥ ಕೊಡಿ. ಬೆಲ್ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ತೀರಾ ಮೆಲ್ಲಗೆ ಹಾಕಿ, ಕೂಡಲೇ ಚಾಪೆ ಮೇಲೆ ಒಂದು ಚೂರು ಇಡಿ. ನಾಲ್ಕೈದು ದಿನ ಹೀಗೆ ಮಾಡಿ, ನಿಧಾನಕ್ಕೆ ಸದ್ದು ಏರಿಸಿ. ಸದ್ದು ಕೇಳಿ ತಾನೇ ಚಾಪೆಗೆ ಓಡಿದ ದಿನ ನಿಜವಾದ ಬೆಲ್ ಪ್ರಯತ್ನಿಸಿ. ಬೊಗಳಿತಾ? ಅವಸರ ಆಯ್ತು ಅಂತ ಅರ್ಥ, ಒಂದು ಹಂತ ಹಿಂದಕ್ಕೆ ಹೋಗಿ.

ತಟ್ಟೆ ಅಥವಾ ಸೋಫಾ ಕಾಯುವುದು: ತಿನ್ನುವಾಗ ತಟ್ಟೆಗೆ ಕೈ ಹಾಕಿ ‘ಅಭ್ಯಾಸ ಮಾಡಿಸುವುದು’ ಬೇಡ. ದೂರದಿಂದ ಹಾದುಹೋಗುವಾಗ ತಟ್ಟೆಯ ಕಡೆ ಇನ್ನೂ ರುಚಿಯಾದ ಚೂರು ಎಸೆಯಿರಿ. ಮನುಷ್ಯ ಹತ್ತಿರ ಬಂದರೆ ಊಟ ಹೋಗಲ್ಲ, ಜಾಸ್ತಿ ಆಗುತ್ತೆ ಅಂತ ಅದಕ್ಕೆ ಗೊತ್ತಾಗಬೇಕು. ಸೋಫಾದಿಂದ ಇಳಿಸಲು ಎಳೆಯಬೇಡಿ, ಕೆಳಗೆ ಚೂರು ಹಾಕಿ ಕರೆಯಿರಿ. ಸೋಫಾ ಇರಬೇಕೋ ಬೇಡವೋ ಅನ್ನುವುದನ್ನು ಮನೆಯವರೆಲ್ಲ ಸೇರಿ ಒಮ್ಮೆ ತೀರ್ಮಾನಿಸಿ, ಎಲ್ಲರೂ ಅದನ್ನೇ ಪಾಲಿಸಿ.

ಎತ್ತಿಕೊಳ್ಳುವುದು: "ಎತ್ಲಾ?" ಅಂತ ಒಂದೇ ಪದ ಇಟ್ಟುಕೊಳ್ಳಿ. ಪದ ಹೇಳಿ, ಕೈ ಚಾಚಿ, ಎರಡು ಕ್ಷಣ ಕಾಯಿರಿ. ಹತ್ತಿರ ಬಂದರೆ ಎದೆಗೂ ಹಿಂಭಾಗಕ್ಕೂ ಕೈ ಕೊಟ್ಟು ಎತ್ತಿ. ಮುಖ ತಿರುಗಿಸಿದರೆ ಬಿಟ್ಟುಬಿಡಿ. ನೆಂಟರ ಮಕ್ಕಳಿಗೂ ಇದನ್ನೇ ಹೇಳಿಕೊಡಿ.

ಒಂಟಿಯಾದಾಗ ಕೂಗುವುದು: ವರ್ಕ್ ಫ್ರಮ್ ಹೋಮ್ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಕಾಣಿಸಿಕೊಂಡ ಸಮಸ್ಯೆ ಇದು. ಚಪ್ಪಲಿ ಹಾಕಿ, ಕೀ ತೆಗೆದುಕೊಂಡು, ಹೊರಗೆ ಹೋಗದೆ ಮತ್ತೆ ಕೂರಿ. ಆಮೇಲೆ ಅರ್ಧ ನಿಮಿಷ ಹೊರಗೆ, ನಂತರ ಎರಡು ನಿಮಿಷ, ಐದು ನಿಮಿಷ. ನಾಯಿ ಗಾಬರಿಯಾಗುವ ಮೊದಲೇ ವಾಪಸ್ ಬರುವುದು ಇದರ ಗುಟ್ಟು. ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವಷ್ಟು ಗಾಬರಿ ಇದ್ದರೆ ಅದು ಕಾಯಿಲೆಯ ಮಟ್ಟದ್ದು. ವೈದ್ಯರು ಔಷಧಿ ಕೊಡಬಹುದು, ಅದರಲ್ಲಿ ನಾಚಿಕೆ ಏನಿಲ್ಲ.

ಉಚ್ಚೆ: ಮರಿ ಎದ್ದ ಕೂಡಲೇ, ತಿಂದ ಮೇಲೆ, ಆಡಿದ ಮೇಲೆ ಅದೇ ಜಾಗಕ್ಕೆ ಕರೆದುಕೊಂಡು ಹೋಗಿ, ಮುಗಿಸಿದ ತಕ್ಷಣ ಅಲ್ಲೇ ಬಹುಮಾನ ಕೊಡಿ. ಪುಟ್ಟ ನಾಯಿಯ ಮೂತ್ರಕೋಶವೂ ಪುಟ್ಟದು, ಹೆಚ್ಚು ಸಲ ಬೇಕಾಗುತ್ತದೆ. ಮೂತಿಯನ್ನು ಉಚ್ಚೆಗೆ ಉಜ್ಜುವ ಪದ್ಧತಿಯಿಂದ ಅದು ಕಲಿಯುವುದು ಒಂದೇ, ಮುಂದಿನ ಸಲ ಮಂಚದ ಕೆಳಗೆ ಅಡಗಿ ಮಾಡುವುದು.

45 ದಿನದ ಮರಿ, 50 ರೂಪಾಯಿ ದಂಡ

ಇಷ್ಟೆಲ್ಲ ಹೊರೆಯನ್ನು ಮನೆಯವರ ಮೇಲೆ ಮಾತ್ರ ಹಾಕಿದರೆ ಅದೂ ತಪ್ಪೇ. ಮರಿಗೆ ಸುಮಾರು 3 ವಾರದಿಂದ 12 ವಾರದವರೆಗಿನ ಕಾಲ ಬಹಳ ಸೂಕ್ಷ್ಮದ್ದು ಎಂದು ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲೇ ದಾಖಲಿಸಿದ್ದರು. ತಾಯಿ, ಒಡಹುಟ್ಟಿದ ಮರಿಗಳು, ಬಗೆಬಗೆಯ ಮನುಷ್ಯರು, ಸದ್ದುಗಳು, ಇದೆಲ್ಲ ‘ಮಾಮೂಲು’ ಅಂತ ಅದು ಕಲಿಯುವುದು ಆಗಲೇ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅಂತಲೂ ಒಡಹುಟ್ಟಿದ ಮರಿಗಳ ಜೊತೆ ಆಡುತ್ತಲೇ ಕಲಿಯುತ್ತದೆ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೆ ಇನ್‌ಸ್ಟಾಗ್ರಾಮ್ ಜಾಹೀರಾತುಗಳನ್ನು ನೋಡಿ: "45 ದಿನದ ಶಿಹ್ ತ್ಸು ಮರಿ, ಹೋಮ್ ಡೆಲಿವರಿ". ಎಂಟು ವಾರ ಅಂದರೆ 56 ದಿನ. ಆ ಹನ್ನೊಂದು ದಿನಗಳ ಖರ್ಚು ಉಳಿಸಿಕೊಳ್ಳುವವರು ಮಾರುವವರು, ಅದರ ಪರಿಣಾಮ ಅನುಭವಿಸುವುದು ಮರಿ ಮತ್ತು ಅದು ಸೇರಿದ ಮನೆ.

ಕೊನೆಗೆ ಸಾಕಾಗಿ ಹೊಡೆಯುವವರಿಗೆ ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹೊಡೆಯುವುದು, ಗಂಟೆಗಟ್ಟಲೆ ಗಿಡ್ಡ ಚೈನಿನಲ್ಲಿ ಕಟ್ಟಿಹಾಕುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದು, ಸಾಕಿದ್ದನ್ನು ಬೀದಿಗೆ ಬಿಡುವುದು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಹೌದು, ಸರಿಯಾಗಿಯೇ ಓದಿದಿರಿ.

ಇನ್ನೊಂದು ಕಡೆ, ಬೊಗಳುತ್ತದೆ ಎಂಬ ಕಾರಣಕ್ಕೆ ನಾಯಿಯನ್ನೇ ಓಡಿಸಲು ಅಪಾರ್ಟ್‌ಮೆಂಟ್ ಸಂಘಗಳು ನಿರ್ಣಯ ಮಾಡುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ. ಬಹುಮತ ಇದ್ದರೂ ಸಾಕುನಾಯಿಗೆ ನಿಷೇಧ ಹಾಕುವಂತಿಲ್ಲ, ಗಾತ್ರ ನೋಡಿ ಭೇದ ಮಾಡುವಂತಿಲ್ಲ, ಬೊಗಳುವುದನ್ನೇ ನಿಷೇಧಕ್ಕೆ ಕಾರಣ ಮಾಡುವಂತಿಲ್ಲ ಎನ್ನುತ್ತದೆ ಅದು. ಅದೇ ಮಾರ್ಗಸೂಚಿ ನೆರೆಯವರಿಗೆ ಕಿರಿಕಿರಿಯಾಗದಂತೆ ನೋಡಿಕೊಳ್ಳಿ ಎಂದು ನಾಯಿ ಸಾಕಿದವರಿಗೂ ಹೇಳುತ್ತದೆ. ಗ್ರೂಪಿನಲ್ಲಿ ಮೊದಲರ್ಧ ಮಾತ್ರ ಫಾರ್ವರ್ಡ್ ಮಾಡುವವರು ಎರಡನೆಯದನ್ನೂ ಓದಬೇಕು. ಪಕ್ಕದ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಹಗಲಲ್ಲಿ ಮಲಗಿರಬಹುದು, ಅವರ ನಿದ್ದೆಯೂ ಹಕ್ಕೇ.

"ನಾಯಿ ಬಾಲ ಯಾವತ್ತೂ ಡೊಂಕೇ" ಅಂತ ಕೈಚೆಲ್ಲುವುದು ಸುಲಭ. ಬಾಲ ನೇರ ಮಾಡಿ ಅಂತ ಯಾರೂ ಕೇಳ್ತಿಲ್ಲ. ಮನೆಯ ನಿಯಮ ದಿನಾ ಒಂದೇ ಇರಲಿ, ಬೇಡ ಅಂದಾಗ ಬೇಡ ಅಂತಲೇ ತೆಗೆದುಕೊಳ್ಳಿ, ಅಷ್ಟು ಸಾಕು. ಶುರು ಮಾಡೋಕೆ ಒಂದು ಕೆಲಸ ಇವತ್ತೇ ಮಾಡಬಹುದು. ಅಡ್ಡಗೇಟೋ, ರೂಮಿನ ಬಾಗಿಲೋ, ಯಾವುದೋ ಒಂದರ ಹಿಂದೆ ನಾಯಿ ಹೋದ ಮೇಲೆಯೇ ಮುಂಬಾಗಿಲು ತೆಗೆಯುವುದು ಅಂತ ನಿಯಮ ಮಾಡಿ. ನಾಳೆ ಬೆಳಗ್ಗೆ ಕೆಲಸಕ್ಕೆ ಬರುವ ಅಕ್ಕನಿಗೆ "ಏನೂ ಮಾಡಲ್ಲ" ಅನ್ನುವ ಬದಲು "ಒಂದು ನಿಮಿಷ ಇರಿ, ನಾಯಿನ ಒಳಗೆ ಬಿಟ್ಟು ಬರ್ತೀನಿ" ಅನ್ನಿ.